ಎಷ್ಟು ಬಾಟಲಿ ಉಳಿದಿವೆ

ಫೆಬ್ರವರಿ 9

ಮೆಣಸಿನಕಾಳೇ,

ನಿನ್ನೆ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು ಫೋನಿನ ಎದುರಿಗೇ ಕೂತು ಅದು ಬಡಿದುಕೊಳ್ಳುವುದನ್ನು ನೋಡುತ್ತಿದ್ದೆ. ಎತ್ತಲಿಲ್ಲ. ಕೋಪ ಅಂತ ತಿಳಿಯಬೇಡ. ಫೋನಿನಲ್ಲಿ ನಿನ್ನ ದನಿ ಥೇಟ್ ಅಮ್ಮನದೇ. ಎದುರಿಗಿದ್ದಾಗ ಅದು ಗೊತ್ತಾಗುವುದಿಲ್ಲ, ಮುಖ ಅಡ್ಡ ಬರುತ್ತದೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಅವಳು ಡಿಪೋಗೆ ಫೋನ್ ಮಾಡಿ “ತಿಂದ್ಯೇನೇ, ಇಲ್ಲಾ ಸೂಜಿ ನುಂಗಿ ಕೂತಿದ್ಯಾ?” ಅನ್ನುತ್ತಿದ್ದಳು. ಈಗ ಅದೇ ದನಿಯಲ್ಲಿ ನೀನು “ಅಕ್ಕಾ” ಅಂದರೆ ನನ್ನ ಗತಿ ಏನು? ಸ್ವಲ್ಪ ದಿನ ಕಾಗದ ಬರಿ. ಓದುವಾಗ ದನಿ ನನ್ನದೇ ಇರುತ್ತದೆ.

ಅಮ್ಮ ಹೋಗಿ ಇವತ್ತಿಗೆ ಹನ್ನೆರಡು ದಿನ. ನೀನು ಮೂರು ದಿನ ಇದ್ದು ವಾಪಸ್ಸು ಹೋಗಿ ಒಂಬತ್ತು ದಿನ. ನನಗೆ ಅಳು ಇನ್ನೂ ಬಂದಿಲ್ಲ. ನೀನು ಹೋದ ಮಾರನೇ ದಿನವೇ ಕೆಲಸಕ್ಕೆ ಕೂತೆ. ಬಸ್ಸಿನ ಸೀಟಿಗೆ ಹೊದಿಕೆ ಹೊಲಿಯಲು ತಲೆ ಬೇಡ, ಕೈ ಸಾಕು ಅಂದುಕೊಂಡಿದ್ದೆ. ಮೊನ್ನೆ ನೋಡಿದರೆ ಹನ್ನೊಂದು ಹೊದಿಕೆಯನ್ನು ಒಳಮೈ ಹೊರಗೆ ಮಾಡಿ ಹೊಲಿದಿಟ್ಟಿದ್ದೇನೆ. ಫೋರ್‌ಮನ್ ಬಂದು, “ಏನಕ್ಕಾ, ಪ್ಯಾಸೆಂಜರು ಸೀಟಿನ ಒಳಗಡೆ ಕೂತ್ಕೋಬೇಕಾ?” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದು ಕಿವಿಗೆ ಕೇಳಿಸಿತು, ಅಷ್ಟೇ.

ಮನೆ ಹೇಗಿತ್ತೋ ಹಾಗೇ ಇದೆ. ಅವಳ ಕನ್ನಡಕ ಕಿಟಕಿಯ ಕಟ್ಟೆಯ ಮೇಲೆ. ಮಾತ್ರೆಯ ಡಬ್ಬಿ ಅದರ ಪಕ್ಕ. ಫ್ರಿಜ್‌ನಲ್ಲಿ ನಿನ್ನ ಕಾರ್ಖಾನೆಯ ಹಾಲಿನ ಬಾಟಲಿಗಳಿವೆ. ಏನು ಮಾಡಲಿ ಹೇಳು.

ನಿನ್ನ ಅಕ್ಕ

&nbsp;

ಫೆಬ್ರವರಿ 16

ಅಕ್ಕಾ,

ಸರಿ, ಕಾಗದವೇ ಬರೆಯುತ್ತೇನೆ. ಇಲ್ಲಿಯ ಕಥೆಯೂ ಅದೇ. ಬೆಳಿಗ್ಗೆ ಎಂಟಕ್ಕೆ ಬಿಳಿ ಕೋಟು, ಟೋಪಿ, ಕೈಗವಸು. ಗಾಜಿನ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಗಳನ್ನು ಎಣಿಸುತ್ತೇನೆ. ಇನ್ನೂರು, ಇನ್ನೂರ ಹತ್ತು. ಎಣಿಸುವಾಗ ಏನೂ ಅನಿಸುವುದಿಲ್ಲ, ಎಣಿಸದೆ ಇರುವಾಗಲೂ ಅನಿಸುವುದಿಲ್ಲ. ನಾಲಿಗೆಗೆ ರುಚಿಯೇ ಇಲ್ಲ. ನಿನ್ನೆ ಚಹಾಕ್ಕೆ ಉಪ್ಪು ಹಾಕಿಕೊಂಡು ಅರ್ಧ ಲೋಟ ಕುಡಿದಿದ್ದೆ. ಪಕ್ಕದ ಮೇಜಿನವಳು ನೋಡಿ ಹೇಳಿದ ಮೇಲೆ ಗೊತ್ತಾಯಿತು.

ಆಸ್ಪತ್ರೆಗೆ ಯಾಕೆ ಬರಲಿಲ್ಲ ಅಂತ ನೀನು ಕೇಳಿಲ್ಲ. ಕೇಳದೆ ಇರುವುದೇ ಕೇಳಿದ ಹಾಗಿದೆ. ಅದು ಪ್ರಯೋಗದ ಕೊನೆಯ ಮೂರು ವಾರ. ಅರವತ್ತು ಜನ ಎಂಟು ವಾರ ದಿನಕ್ಕೊಂದು ಬಾಟಲಿ ಹುದುಗಿಸಿದ ಹಾಲು ಕುಡಿದಿದ್ದರು. ಅರ್ಧ ಜನಕ್ಕೆ ಜೀವಂತ ಬ್ಯಾಕ್ಟೀರಿಯಾ ಇರುವ ಹಾಲು, ಇನ್ನರ್ಧ ಜನಕ್ಕೆ ಕಾಯಿಸಿ ಅವನ್ನು ಸಾಯಿಸಿದ ಹಾಲು. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರ ಮಲ, ರಕ್ತ ಎರಡೂ ಅದೇ ವಾರಗಳಲ್ಲಿ ಪರೀಕ್ಷೆಗೆ ಬರಬೇಕಿತ್ತು. ನೀನು “ಬಾ” ಅಂದೆ, ನಾನು “ಗುರುವಾರ” ಅಂದೆ. ಅಮ್ಮ ಮಂಗಳವಾರ ಹೋದಳು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ತಲೆಯಲ್ಲಿ ಬೇರೇನೂ ಓಡುತ್ತಿಲ್ಲ. ನಿಮ್ಮ ಡಿಪೋದ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಅಮ್ಮ ಹೆಪ್ಪು ಹಾಕಿದ ಮೊಸರನ್ನೇ ಎಲ್ಲರೂ ತಿಂದರು. ನಾನು ಈ ಕೆಲಸಕ್ಕೆ ಸೇರಿದ ವರ್ಷವೇ ನಮ್ಮ ಕಾರ್ಖಾನೆಯ ಮೊಸರಿನ ಡಬ್ಬಿಗಳು ಅಲ್ಲಿಗೆ ಬಂದವು. “ನಾಳೆಯಿಂದ ಪಾತ್ರೆ ಬೇಡಮ್ಮಾ” ಅಂದರು ಅವಳಿಗೆ. ಅವತ್ತು ಅವಳು ನನಗೆ ಹೇಳಿದ್ದು ಒಂದೇ ಮಾತು: “ನನ್ನ ಪಾತ್ರೆ ನೀನೇ ಬೋರಲು ಹಾಕ್ದೆ.” ಆರು ವರ್ಷ ಆಯಿತು. ಆಮೇಲೆ ಮಾತಾಡಿದಳು, ನಕ್ಕಳು, ಬಂದಾಗಲೆಲ್ಲ ತಲೆ ಬಾಚಿದಳು. ಆದರೆ ನಮ್ಮ ಕಾರ್ಖಾನೆಯದು ಒಂದು ತೊಟ್ಟನ್ನೂ ಬಾಯಿಗಿಡಲಿಲ್ಲ.

ನವೆಂಬರಿನಲ್ಲಿ ಎದೆಯ ಸೋಂಕಿಗೆ ಆ್ಯಂಟಿಬಯಾಟಿಕ್ ತಗೊಂಡು ಹೊಟ್ಟೆ ಕೆಟ್ಟಿದೆ ಅಂತ ನೀನು ಹೇಳಿದಾಗ, ಬೈದರೆ ಬೈಯಲಿ ಅಂತ ಬಾಟಲಿ ಕಳಿಸಲು ಶುರು ಮಾಡಿದೆ. ಆ ಮಾತ್ರೆ ಕಳ್ಳರ ಜೊತೆ ಮನೆಯವರನ್ನೂ ಓಡಿಸುತ್ತದೆ ಅಕ್ಕಾ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಹೋದರೆ ಖಾಲಿ ಜಾಗಕ್ಕೆ ಕೆಟ್ಟವು ಬಂದು ಕೂರುತ್ತವೆ. ಮೈಯ ಕಾವಲಿನ ದೊಡ್ಡ ಪಾಲು ಇರುವುದು ಆ ಕರುಳಿನ ಗೋಡೆಯಲ್ಲೇ. ಅದಕ್ಕೇ ಆರು ಶನಿವಾರ ಏಳೇಳು ಬಾಟಲಿ ಕಳಿಸಿದೆ. ಕುಡಿದಳಾ? ಎಷ್ಟು ಬಾಟಲಿ ಉಳಿದಿವೆ? ಬಂದಾಗ ನೋಡಬಹುದಿತ್ತು, ಫ್ರಿಜ್ ಬಾಗಿಲಿಗೆ ಕೈ ಹಾಕಲು ಧೈರ್ಯ ಬರಲಿಲ್ಲ.

ಒಂದು ಕೆಲಸ ಮಾಡಿಕೊಡು. ಇದರ ಜೊತೆ ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಒಂದು ಕೊಳವೆ, ಎರಡು ಐಸ್ ಚೀಲ ಇವೆ. ಅಮ್ಮನ ಪಾತ್ರೆಯಿಂದ ಎರಡು ಚಮಚ ಮೊಸರು ತುಂಬಿ ಕಳಿಸು. ನಮ್ಮಲ್ಲಿ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಪೆಟ್ಟಿಗೆ ಇದೆ. ಅದರಲ್ಲಿಟ್ಟರೆ ಅವಳ ಹೆಪ್ಪು ನಾವಿಬ್ಬರೂ ಹೋದ ಮೇಲೂ ಇರುತ್ತದೆ. ಅವಳ ಕೈಯದು ಇನ್ನೇನೂ ನನ್ನ ಹತ್ತಿರ ಇಲ್ಲ.

ಮೆಣಸಿನಕಾಳು

&nbsp;

ಮಾರ್ಚ್ 2

ಮೆಣಸಿನಕಾಳೇ,

ಕೊಳವೆ ತುಂಬಿ ಕಳಿಸಿದ್ದೇನೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ನೀನು ಬರೆದ ಹಾಗೇ ಚಮಚವನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆ. ತಡ ಆಯಿತು, ಡಿಪೋದಲ್ಲಿ ಕೆಲಸ ಜಾಸ್ತಿ.

ಮೇಲಿನ ಮನೆಯ ಟೀಚರ್ ಮೊನ್ನೆ ಬಂದು ಕೂತಿದ್ದರು. “ಸಮಯ ಎಲ್ಲಾನೂ ಮರೆಸುತ್ತಮ್ಮ” ಅಂದರು. ನನಗೆ ಮರೆಯುವುದಕ್ಕೆ ಏನಾದರೂ ನೆನಪಿಗೆ ಬಂದರೆ ತಾನೆ? ಅಮ್ಮನ ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಲು ಹೋದರೆ ಅವಳ ರೇಷನ್ ಚೀಟಿಯ ಫೋಟೋ ಬರುತ್ತದೆ.

ನಿನ್ನ ನಾಲಿಗೆ ಸರಿ ಹೋಯಿತಾ? ಚಹಾದ ಡಬ್ಬಿಯ ಪಕ್ಕ ಉಪ್ಪು ಇಡಬೇಡ, ಪೆದ್ದಿ.

ಅಕ್ಕ

&nbsp;

ಮಾರ್ಚ್ 20

ಅಕ್ಕಾ, ಅಕ್ಕಾ,

ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂರಲು ಆಗುತ್ತಿಲ್ಲ.

ನೀನು ಕಳಿಸಿದ್ದನ್ನು ಹಾಗೇ ಹಿಮಕ್ಕೆ ಇಡಬಹುದಿತ್ತು. ಆದರೆ ನಮ್ಮ ಪದ್ಧತಿಯಲ್ಲಿ ಏನೇ ಒಳಗೆ ಹೋಗುವ ಮೊದಲು ಅದು ಯಾರು ಅಂತ ಪರೀಕ್ಷೆ ಮಾಡಿ ಹೆಸರು ಬರೆಯಬೇಕು. ತಟ್ಟೆಯಲ್ಲಿ ಬೆಳೆಸಿದೆ. ಚುಕ್ಕೆಗಳನ್ನು ನೋಡುತ್ತಲೇ ಎಲ್ಲೋ ನೋಡಿದ ಮುಖ ಅನಿಸಿತು. ನಮಗೆ ಒಂದೊಂದು ತಳಿಯ ಬೆರಳಚ್ಚು ತೆಗೆಯಲು ಬರುತ್ತದೆ. ತೆಗೆದೆ. ಮತ್ತೊಮ್ಮೆ ತೆಗೆದೆ. ನಮ್ಮ ಲ್ಯಾಬಿನ ಮೇಡಂಗೂ ತೋರಿಸಿದೆ. “ಇದು ನಮ್ಮದೇ ಅಲ್ವಾ? ನೀನು ಯಾವ ಕೊಳವೆ ತಂದೆ?” ಅಂದರು.

ನಮ್ಮದೇ ಅಕ್ಕಾ. ಅಮ್ಮನ ಪಾತ್ರೆಯೊಳಗೆ ಇರುವುದು ನನ್ನ ಬಾಟಲಿಯ ಬ್ಯಾಕ್ಟೀರಿಯಾ. ಬೇರೆ ಒಂದೂ ಇಲ್ಲ. ಇದರ ಅರ್ಥ ಏನು ಗೊತ್ತಾ? ಅವಳು ನನ್ನ ಬಾಟಲಿ ತೆಗೆದು ತನ್ನ ಪಾತ್ರೆಗೇ ಸುರಿದಿದ್ದಾಳೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಹಾಗೆ ಸುರಿದರೆ ಮಾತ್ರ ಇದು ಹಳೆಯದನ್ನೆಲ್ಲ ತುಳಿದು ತಾನೇ ಉಳಿಯುತ್ತದೆ. ನಿನ್ನ ಎದುರಿಗೆ ಕುಡಿಯಲು ಬಿಗುಮಾನ, ಅದಕ್ಕೆ ಮೊಸರು ಮಾಡಿಕೊಂಡು ತಿಂದಿದ್ದಾಳೆ, ನಮ್ಮಮ್ಮ! ಅವಳ ಬುದ್ಧಿಯೇ ಅದು. ಸೋತರೂ ಮೀಸೆ ಮಣ್ಣಾಗಬಾರದು.

ಬೋರಲು ಹಾಕಿದ ಪಾತ್ರೆಯನ್ನು ತಾನೇ ಎತ್ತಿ ನೇರ ಮಾಡಿ ಇಟ್ಟಳು ಅಂತ ನನಗೆ ಅನಿಸಿತು. ಐವತ್ತು ದಿನದ ಮೇಲೆ ಏನೋ ಒಂದು ಅನಿಸಿತು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಬಂದು ಚಹಾ ಕುಡಿದೆ, ಸಿಹಿ ಗೊತ್ತಾಯಿತು.

ಕೊಳವೆಯ ಮೇಲೆ ಚೀಟಿ ಅಂಟಿಸಿ ‘ಅಮ್ಮ’ ಅಂತ ಬರೆದು ಒಳಗಿಟ್ಟಿದ್ದೇನೆ. ನಾಲ್ಕನೇ ಖಾನೆ, ಎಡಗಡೆ.

ಎಷ್ಟು ಬಾಟಲಿ ಉಳಿದಿವೆ ಅಂತ ನೀನು ಬರೆಯಲೇ ಇಲ್ಲ. ಇನ್ನೊಂದು ವಿಷಯ. ಆಸ್ಪತ್ರೆಯವರು ಕೊಟ್ಟ ವರದಿಯ ಪ್ರತಿ ಕಳಿಸು. ಕೊನೆಗೆ ಏನಾಯಿತು ಅಂತ ಈಗ ಓದುವ ಶಕ್ತಿ ಇದೆ.

ನಿನ್ನ ಮೆಣಸಿನಕಾಳು

&nbsp;

ಮಾರ್ಚ್ 26

(ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆದರೆ ಹೊಟ್ಟೆ ಹಗುರ ಆಗುತ್ತದೇನೋ ಅಂತ ಬರೆಯುತ್ತಿದ್ದೇನೆ.)

ಮೆಣಸಿನಕಾಳೇ,

ಆ ಮೊಸರು ಅಮ್ಮನದಲ್ಲ. ನನ್ನದು.

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ನಾನು ಮನೆಗೆ ಬರುತ್ತಿದ್ದುದು ಸ್ನಾನ ಮಾಡಲು ಮಾತ್ರ. ಐದನೇ ದಿನವೋ ಆರನೇ ದಿನವೋ, ಅಡುಗೆಮನೆಯಲ್ಲಿ ಏನೋ ನಾರುತ್ತಿತ್ತು. ಪಾತ್ರೆಯ ಮುಚ್ಚಳ ತೆಗೆದರೆ ಮೇಲೆ ಹಸಿರು ಬೂಷ್ಟು. ಮೋರಿಗೆ ಸುರಿದೆ. ಕುದಿಯುವ ನೀರು ಹಾಕಿ, ಸೋಪು ಹಾಕಿ, ತಳ ಬೆಳ್ಳಗಾಗುವ ತನಕ ತಿಕ್ಕಿದೆ. ಆಸ್ಪತ್ರೆಯಲ್ಲಿ ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ, ಇಲ್ಲಿ ತಿಕ್ಕಲಾದರೂ ಒಂದು ಪಾತ್ರೆ ಸಿಕ್ಕಿತ್ತು. ತೊಳೆದು ಬೋರಲು ಹಾಕಿ ಕೈ ಒರೆಸಿಕೊಳ್ಳುವಾಗ ನೆನಪಾಯಿತು, ಅದರಲ್ಲಿ ಇದ್ದದ್ದು ಏನು ಅಂತ. ಒಂದು ಚಮಚ ತೆಗೆದಿಡಬಹುದಿತ್ತು. ನನ್ನ ಬುದ್ಧಿಗೆ ಹೊಳೆಯಲಿಲ್ಲ. ಮೋರಿಯ ಹತ್ತಿರ ತುಂಬ ಹೊತ್ತು ನಿಂತಿದ್ದೆ.

ಅಮ್ಮನ ಪಾತ್ರೆ ಬೋರಲು ಹಾಕಿದ್ದು ನೀನಲ್ಲ ಕಣೇ. ನಾನು.

ನೀನು ಕೊಳವೆ ಕಳಿಸಿದಾಗ ಮೊದಲು ಟೀಚರ್ ಮನೆಗೆ ಓಡಿದೆ. ವರ್ಷಗಳ ಹಿಂದೆ ಅಮ್ಮ ಅವರಿಗೆ ಹೆಪ್ಪು ಕೊಟ್ಟಿದ್ದಳು. “ಅಯ್ಯೋ, ಈಗೆಲ್ಲಿ ಹೆಪ್ಪಮ್ಮ, ನಾವು ಡಬ್ಬಿ ಮೊಸರೇ ತರೋದು” ಅಂದರು. ನಿನ್ನ ಕಾರ್ಖಾನೆಯ ಡಬ್ಬಿಯನ್ನೇ ತೋರಿಸಿದರು. ಕ್ಯಾಂಟೀನಿನಲ್ಲೂ ಅದೇ. ಇಪ್ಪತ್ತಾರು ವರ್ಷ ಊರಿಗೆಲ್ಲ ಬಡಿಸಿದ್ದು ಒಬ್ಬರ ಮನೆಯಲ್ಲೂ ಒಂದು ಚಮಚ ಇಲ್ಲ. ಹಾಲು ಬೆಚ್ಚಗೆ ಮಾಡಿದೆ, ಫ್ರಿಜ್‌ನಿಂದ ಒಂದು ಬಾಟಲಿ ತೆಗೆದು ಸುರಿದೆ. ತಾರೀಖು ಮುಗಿದಿತ್ತು. “ನಿನ್ನ ಕೈ ಕಂಡ್ರೆ ಹಾಲಿಗೇ ಭಯ” ಅಂತ ಅಮ್ಮ ಆಡಿಕೊಳ್ಳುತ್ತಿದ್ದಳಲ್ಲ, ಜನ್ಮದಲ್ಲಿ ನನ್ನ ಕೈಯಲ್ಲಿ ಒಂದು ಸಲವೂ ಮೊಸರು ಗಟ್ಟಿಯಾಗಿರಲಿಲ್ಲ. ಅವತ್ತು ಆಯಿತು. ಇಡೀ ಒಂದು ದಿನ ಹಿಡಿಯಿತು, ಆದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ.

ಈಗ ನೀನು ಅತ್ತೆ, ಸಿಹಿ ಗೊತ್ತಾಯಿತು ಅಂತ ಬರೆದಿದ್ದೀಯ. ನನ್ನ ಬಾಯಲ್ಲಿ ಬಿಸಿತುಪ್ಪ ಇದೆ, ಉಗುಳಲೂ ಆಗುವುದಿಲ್ಲ, ನುಂಗಲೂ ಆಗುವುದಿಲ್ಲ. ಫ್ರಿಜ್‌ನಲ್ಲಿ ನಲವತ್ತೊಂದು ಬಾಟಲಿ ಇವೆ. ಒಂದನ್ನು ತೆಗೆದದ್ದು ನಾನು.

&nbsp;

ಮಾರ್ಚ್ 27

ಮೆಣಸಿನಕಾಳೇ,

ನಿನ್ನ ಕಾಗದ ಓದಿ ಸಂತೋಷ ಆಯಿತು. ಅಮ್ಮನ ಮನಸ್ಸಿನಲ್ಲಿ ಏನಿತ್ತು ಅಂತ ಯಾರಿಗೆ ಗೊತ್ತು. ನೀನು ಸರಿಯಾಗಿ ಊಟ ಮಾಡು.

ವರದಿಯ ಪ್ರತಿ ಇಟ್ಟಿದ್ದೇನೆ. ನನಗೆ ಅದರಲ್ಲಿ ಅರ್ಥವಾದದ್ದು ತಾರೀಖು ಮಾತ್ರ.

ಅಕ್ಕ

&nbsp;

ಏಪ್ರಿಲ್ 12

ಅಕ್ಕ,

ವರದಿ ಬಂದು ಹತ್ತು ದಿನ ಆಯಿತು. ಬರೆಯಲು ಆಗಲಿಲ್ಲ.

ಎರಡನೇ ಪುಟದಲ್ಲಿ ಅವಳು ತಗೊಳ್ಳುತ್ತಿದ್ದ ಮಾತ್ರೆಗಳ ಪಟ್ಟಿ ಇದೆ. ಕೀಲುನೋವಿಗೆ ಅಂತ ಒಂದು ಮಾತ್ರೆ, ಎರಡು ವರ್ಷದಿಂದ. ಅದು ಬರಿ ನೋವಿನ ಮಾತ್ರೆ ಅಲ್ಲ. ಮೈಯ ಕಾವಲನ್ನೇ ಮಲಗಿಸುವ ಮಾತ್ರೆ. ನನಗೆ ಯಾರೂ ಹೇಳಲಿಲ್ಲ. ನೀನು ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಅಂಥ ಮಾತ್ರೆ ತಗೊಳ್ಳುವವರನ್ನು ನಾವು ಪ್ರಯೋಗಕ್ಕೇ ಸೇರಿಸುವುದಿಲ್ಲ. ಅರ್ಜಿಯಲ್ಲಿ ಮೂರನೆಯ ಪ್ರಶ್ನೆಯೇ ಅದು. ಗಟ್ಟಿಮುಟ್ಟಾದವರಿಗೆ ಈ ಬ್ಯಾಕ್ಟೀರಿಯಾ ಏನೂ ಮಾಡುವುದಿಲ್ಲ. ಕಾವಲು ಮಲಗಿರುವವರಲ್ಲಿ, ಕರುಳು ಹುಣ್ಣಾಗಿರುವವರಲ್ಲಿ, ಎಲ್ಲೋ ಲಕ್ಷಕ್ಕೊಬ್ಬರಲ್ಲಿ, ಅದು ಗೋಡೆ ದಾಟಿ ರಕ್ತಕ್ಕೆ ಹೋಗಬಹುದು. ಅದಕ್ಕೇ ಆ ಪ್ರಶ್ನೆ. ಅರವತ್ತು ಜನ ಅಪರಿಚಿತರ ಎದುರು ಕೂತು ನಾನೇ ಕೇಳಿದ್ದೇನೆ, “ಯಾವ್ಯಾವ ಮಾತ್ರೆ ತಗೋತೀರಿ? ನೆನಪು ಮಾಡ್ಕೊಂಡು ಹೇಳಿ” ಅಂತ. ಅಮ್ಮನನ್ನು ಕೇಳಲಿಲ್ಲ.

ವರದಿಯ ಕೊನೆಯಲ್ಲಿ ‘ರಕ್ತದಲ್ಲಿ ಸೋಂಕು, ಬ್ಯಾಕ್ಟೀರಿಯಾ ಯಾವುದೆಂದು ಗುರುತಾಗಿಲ್ಲ’ ಅಂತಿದೆ. ಅವರು ಗುರುತಿಸಲಿಲ್ಲ. ನನ್ನ ಹತ್ತಿರ ಅವಳ ಪಾತ್ರೆಯದು ಇದೆ. ಅದು ಯಾವುದು ಅಂತ ನನಗೆ ಗೊತ್ತು. ಅವಳು ಕಡೆಗೂ ನನ್ನನ್ನು ಒಪ್ಪಿಕೊಂಡು ತಿಂದಳು. ತಿಂದದ್ದಕ್ಕೇ ಸತ್ತಳು.

ಮೇಡಂ ಹತ್ತಿರ ಹೇಳಿದೆ. “ಸುಮ್ಮನೆ ಊಹೆ ಮಾಡ್ಬೇಡ, ಆಸ್ಪತ್ರೆ ಸೋಂಕೇ ಇರಬೇಕು” ಅಂದರು. ಇರಬೇಕು ಅನ್ನುವುದನ್ನು ನಾವು ವರದಿಯಲ್ಲಿ ಬರೆಯುವುದಿಲ್ಲ.

ಈ ತಿಂಗಳ ಕೊನೆಗೆ ರಾಜೀನಾಮೆ ಕೊಡುತ್ತೇನೆ. ನನಗೇನೂ ಅನಿಸುತ್ತಿಲ್ಲ. ಸಿಹಿ ಮತ್ತೆ ಹೋಗಿದೆ. ಒಂದೇ ಒಂದು ಹೇಳು, ಇನ್ನೇನೂ ಬೇಡ. ಅವಳು ದಿನಾ ತಿಂದಳಾ? ಎಷ್ಟು ಬಾಟಲಿ ಉಳಿದಿವೆ?

&nbsp;

ಏಪ್ರಿಲ್ 16

ಮೆಣಸಿನಕಾಳೇ, ಮೊದಲು ಇದನ್ನು ಓದು, ಆಮೇಲೆ ಉಳಿದದ್ದು.

ನಲವತ್ತೊಂದು. ನೀನು ಕಳಿಸಿದ್ದು ನಲವತ್ತೆರಡು. ಒಂದನ್ನೂ ಅಮ್ಮ ತೆಗೆದಿಲ್ಲ. ಒಂದು ತೊಟ್ಟೂ ಅವಳ ಹೊಟ್ಟೆಗೆ ಹೋಗಿಲ್ಲ. ನಿನ್ನ ಹಾಲಿನಿಂದ ಅವಳು ಸಾಯಲಿಲ್ಲ. ಬೇಕಾದರೆ ಬಂದು ಎಣಿಸು, ಎಣಿಸುವುದೇ ತಾನೆ ನಿನ್ನ ಕೆಲಸ.

ಇದರ ಜೊತೆ ಇನ್ನೊಂದು ಕಾಗದ ಇದೆ. ಮಾರ್ಚ್ 26ರಂದು ಬರೆದದ್ದು, ಹೊಲಿಗೆ ಯಂತ್ರದ ಖಾನೆಯಲ್ಲಿ ಇಟ್ಟಿದ್ದೆ. ಕೊಳವೆಯಲ್ಲಿ ಬಂದದ್ದು ಏನು ಅಂತ ಅದರಲ್ಲಿದೆ. ಅವತ್ತೇ ಕಳಿಸಬೇಕಿತ್ತು. ನೀನು ಅತ್ತದ್ದನ್ನು ಓದಿ ನನಗೆ ಹೊಟ್ಟೆಕಿಚ್ಚೂ ಆಯಿತು, ಕನಿಕರವೂ ಆಯಿತು. ಒಬ್ಬಳಾದರೂ ಅಳಲಿ ಅಂತ ಸುಮ್ಮನಿದ್ದೆ. ಸುಳ್ಳು ನಿನಗೆ ಔಷಧಿ ಅಂದುಕೊಂಡೆ, ಅದು ವಿಷ ಆಗಿ ಕೂತಿತು. ನನ್ನನ್ನು ಬೈ. ಎಷ್ಟು ಬೇಕಾದರೂ ಬೈ. ಕೆಲಸ ಬಿಡಬೇಡ.

ಕೀಲಿನ ಮಾತ್ರೆಯ ವಿಷಯ ಅಮ್ಮನೇ ಹೇಳಬೇಡ ಅಂದಿದ್ದಳು. “ಅವಳಿಗೆ ಹೇಳಿದ್ರೆ ಪರೀಕ್ಷೆ ಮಾಡೋಕೆ ನನ್ನನ್ನೇ ಕೊಳವೆಗೆ ಹಾಕ್ತಾಳೆ” ಅಂತ.

ಈಗ ಇನ್ನೊಂದು ಮಾತು. ಅವಳು ನಿನ್ನನ್ನು ಒಪ್ಪಿಕೊಂಡಳು ಅಂತ ಇದ್ದ ಒಂದೇ ಸಾಕ್ಷಿಯನ್ನು ನಾನು ಕಿತ್ತುಕೊಂಡೆ. ಅದರ ಬದಲಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಅವಳ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಕೇಳಲಿಲ್ಲ. ಕೇಳಬಹುದಿತ್ತು, ಹತ್ತೊಂಬತ್ತು ದಿನ ಪಕ್ಕದಲ್ಲೇ ಕೂತಿದ್ದೆ. ನೀರು ಬೇಕಾ, ದಿಂಬು ಎತ್ತಲಾ, ಇವೇ ಆದವು.

ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಶನಿವಾರ ಪೆಟ್ಟಿಗೆ ಬಂದರೆ ಅವಳೇ ಹೋಗಿ ಸಹಿ ಹಾಕುತ್ತಿದ್ದಳು, ನನ್ನನ್ನು ಬಿಡುತ್ತಿರಲಿಲ್ಲ. ಏಳೂ ಬಾಟಲಿ ಒರೆಸಿ ತಾರೀಖಿನ ಪ್ರಕಾರ ಸಾಲಾಗಿ ಇಡುತ್ತಿದ್ದಳು. ತರಕಾರಿಗೆ ಜಾಗ ಇಲ್ಲದೆ ಹೊರಗೆ ಬಾಡುತ್ತಿತ್ತು. ಡಿಸೆಂಬರಿನಲ್ಲಿ ಟೀಚರ್ ಹೊಟ್ಟೆ ಕೆಟ್ಟಿದೆ, ಒಂದು ಕೊಡಿ ಅಂತ ಕೇಳಿದರು. ಅಮ್ಮ ಫ್ರಿಜ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. “ಅದು ನನ್ನ ಮಗಳು ನನಗೆ ಕಳಿಸಿರೋದು, ಕೊಡೋಕಾಗಲ್ಲ” ಅಂದಳು. ಕುಡಿಯಲೂ ಇಲ್ಲ, ಕೊಡಲೂ ಇಲ್ಲ. ಇದಕ್ಕೆ ಏನು ಅರ್ಥ ಅಂತ ನಾನು ಹೇಳುವುದಿಲ್ಲ. ಒಂದು ಸಲ ಹೇಳಲು ಹೋಗಿ ಆದದ್ದು ಸಾಕು.

ಅಕ್ಕ

&nbsp;

ಮೇ 25

ಅಕ್ಕಾ,

ಐದು ವಾರ ಬರೆಯಲಿಲ್ಲ. ಕೋಪ. ಈಗಲೂ ಇದೆ, ಪೂರ್ತಿ ಹೋಗಿಲ್ಲ. ಎರಡು ಸಲ ಬರೆಯಲು ಕೂತು ‘ನೀನು’ ಅಂತ ಬರೆದು ನಿಲ್ಲಿಸಿದೆ. ನನ್ನ ಅಮ್ಮನನ್ನು ನೀನು ಒಂದು ತಿಂಗಳಲ್ಲಿ ಎರಡು ಸಲ ಬದಲಾಯಿಸಿದೆ. ಒಮ್ಮೆ ಕ್ಷಮಿಸಿದವಳು, ಒಮ್ಮೆ ಕ್ಷಮಿಸದವಳು. ಮಧ್ಯದಲ್ಲಿ ನಾನು ಕೊಂದವಳು, ಅದನ್ನು ನಾನೇ ಮಾಡಿಕೊಂಡೆ.

ಕೆಲಸ ಬಿಡಲಿಲ್ಲ. ಪ್ರಯೋಗದ ಗುಟ್ಟು ಒಡೆದರು, ಯಾರು ಯಾವ ಹಾಲು ಕುಡಿದರು ಅಂತ ಗೊತ್ತಾಯಿತು. ಜೀವಂತ ಹಾಲು ಕುಡಿದವರ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಏರಿತ್ತು. ನಿಲ್ಲಿಸಿದ ಹದಿನೈದು ದಿನಕ್ಕೆ ಇಳಿದು ಮೊದಲಿದ್ದಲ್ಲಿಗೇ ಬಂತು. ನೆಂಟರ ಹಾಗೆ, ಉಪಚಾರ ಇರುವಷ್ಟು ದಿನ ಮಾತ್ರ. ರಕ್ತದಲ್ಲಿ ಕಾವಲಿನ ಒಂದು ಅಳತೆ ಸ್ವಲ್ಪ ಚೆನ್ನಾಗಿತ್ತು, ಉಳಿದವುಗಳಲ್ಲಿ ವ್ಯತ್ಯಾಸ ಇಲ್ಲ. ನೆಗಡಿ, ಜ್ವರ ಎರಡು ಗುಂಪಿಗೂ ಒಂದೇ ಲೆಕ್ಕ. ಅಮ್ಮ ಕುಡಿದಿದ್ದರೆ ಉಳಿಯುತ್ತಿದ್ದಳು ಅಂತ ಇದರಲ್ಲಿ ಎಲ್ಲೂ ಇಲ್ಲ. ನಾನು ಹುಡುಕಿದೆ. ಎಲ್ಲೂ ಇಲ್ಲ.

ಅರ್ಜಿಯ ಮೂರನೆಯ ಪ್ರಶ್ನೆಯ ಕೆಳಗೆ ಒಂದು ಸಾಲು ಸೇರಿಸಲು ಮೇಡಂ ಒಪ್ಪಿದ್ದಾರೆ: ‘ಈ ಹಾಲನ್ನು ಮನೆಯಲ್ಲಿ ಬೇರೆ ಯಾರಿಗಾದರೂ ಕೊಡುತ್ತೀರಾ? ಅವರು ಯಾವ ಮಾತ್ರೆ ತಗೊಳ್ಳುತ್ತಾರೆ?’ ಯಾಕೆ ಅಂತ ಅವರು ಕೇಳಲಿಲ್ಲ.

ಇನ್ನು ಕೊಳವೆ. ನಮ್ಮಲ್ಲಿ ತಪ್ಪು ಹೆಸರಿನ ಕೊಳವೆ ಸಿಕ್ಕಿದರೆ ಬಿಸಿ ಹಬೆಯಲ್ಲಿ ಬೇಯಿಸಿ ಎಸೆಯಬೇಕು. ಅದೇ ನಿಯಮ. ಅದರಲ್ಲೂ ಇದು ನಮ್ಮದೇ ತಳಿ, ಗೋದಾಮಿನಲ್ಲಿ ಡ್ರಮ್ಮುಗಟ್ಟಲೆ ಇದೆ. ಎಸೆಯಲು ಅಂತಲೇ ತೆಗೆದೆ. ಕೈಗವಸಿನ ಒಳಗೂ ಬೆರಳು ಮರಗಟ್ಟಿತು. ಹಿಡಿದುಕೊಂಡು ನಿಂತೆ. ನೀನು ಮೋರಿಯ ಹತ್ತಿರ ನಿಂತ ಹಾಗೇ ಇರಬೇಕು.

ಎಸೆಯಲಿಲ್ಲ ಅಕ್ಕಾ. ‘ಅಮ್ಮ’ ಅಂತ ಇದ್ದ ಚೀಟಿ ಕಿತ್ತೆ. ಹೊಸ ಚೀಟಿಯಲ್ಲಿ ಬರೆದೆ: ‘ಅಕ್ಕ. ಮೊದಲ ಸಲ ಗಟ್ಟಿಯಾದದ್ದು.’ ಈಗ ಹೆಸರು ಸರಿಯಾಗಿದೆ, ನಿಯಮದ ಪ್ರಕಾರ ಯಾರೂ ಅದನ್ನು ಎಸೆಯುವ ಹಾಗಿಲ್ಲ. ನಾಲ್ಕನೇ ಖಾನೆ, ಎಡಗಡೆ.

ಫೋನ್ ಮಾಡಲಾ?

ಮೆಣಸಿನಕಾಳು

&nbsp;

ಜೂನ್ 1

ಮೆಣಸಿನಕಾಳೇ,

ನಲವತ್ತೊಂದನ್ನೂ ಒಂದೊಂದಾಗಿ ಮೋರಿಗೆ ಸುರಿದೆ. ಬಾಟಲಿ ತೊಳೆದು ಅಮ್ಮ ಇಡುತ್ತಿದ್ದ ಹಾಗೇ ಸಾಲಾಗಿ ಇಟ್ಟಿದ್ದೇನೆ. ಎಸೆಯಲು ನನಗೂ ಬರುವುದಿಲ್ಲ ಅಂತ ಕಾಣುತ್ತದೆ. ಫ್ರಿಜ್‌ನಲ್ಲಿ ತರಕಾರಿಗೆ ಜಾಗ ಆಗಿದೆ.

ಪಾತ್ರೆ ನೇರವಾಗಿ ಇದೆ. ಅವತ್ತಿನ ಮೊಸರಿನಿಂದ ಒಂದು ಚಮಚ ತೆಗೆದಿಟ್ಟಿದ್ದೆ, ಅದರಿಂದ ಮತ್ತೆ ಹಾಕಿದೆ, ದಿನಾ ಹಾಕುತ್ತಿದ್ದೇನೆ. ಡಿಪೋಗೆ ಒಯ್ದಿದ್ದೆ. ಫೋರ್‌ಮನ್ ಒಂದು ತುತ್ತು ತಿಂದು, “ಅಕ್ಕಾ, ಅಮ್ಮನ ಮೊಸರಿನ ಮುಂದೆ ಇದು ಏನೂ ಅಲ್ಲ” ಅಂದ. ಅಂದವನು ಡಬ್ಬಿ ಖಾಲಿ ಮಾಡಿದ. ನಾನು ಹೊಲಿಗೆ ಯಂತ್ರದ ಮೇಲೆ ತಲೆ ಇಟ್ಟೆ. ಆಮೇಲೆ ಎತ್ತಲು ಅರ್ಧ ಗಂಟೆ ಹಿಡಿಯಿತು. ರೆಕ್ಸಿನ್ ಒದ್ದೆಯಾದರೆ ಒರೆಸಿದರಾಯಿತು, ಅದೊಂದು ಪುಣ್ಯ.

ಮಾಡು. ಮನೆಗೆ ಬೇಡ, ಡಿಪೋಗೆ ಮಾಡು. ಮಧ್ಯಾಹ್ನ ಒಂದು ಗಂಟೆಗೆ. ಎತ್ತುತ್ತೇನೆ. ನಾನು ಮಾತಾಡದೆ ಇದ್ದರೆ ಇಟ್ಟುಬಿಡಬೇಡ, ತಿಂದ್ಯಾ ಅಂತ ಕೇಳು.

ಅಕ್ಕ